ಬೆಳೆ, ಬೇಳೆ, ಬೆಲೆ

ಕಲಬುರಗಿಯ ನೆಹರೂ ಗಂಜಿನಲ್ಲಿ ಜನವರಿ ತಿಂಗಳೆಂದರೆ ತೊಗರಿಯ ತಿಂಗಳು. ಚೀಲ ಇಳಿಸುವ ಹಮಾಲರು, ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತ ರೈತರು, ಅಂಗೈಯಲ್ಲಿ ಕಾಳು ಹರಡಿಕೊಂಡು ಉಗುರಿನಿಂದ ಒತ್ತಿ ನೋಡುವ ಅಡತಿಯವರು. ಅಲ್ಲಿ ಮೂರು ಶಬ್ದಗಳು ಬೆಳಗಿನಿಂದ ಸಂಜೆಯವರೆಗೆ ಬಾಯಿಂದ ಬಾಯಿಗೆ ಓಡಾಡುತ್ತಿರುತ್ತವೆ. ಹೊಲದಲ್ಲಿ ನಿಂತದ್ದು ಬೆಳೆ, ಗಿರಣಿಯಿಂದ ಹೊರಬಂದದ್ದು ಬೇಳೆ, ಕೈಗೆ ಬಂದದ್ದು ಅಥವಾ ಬಾರದೆ ಹೋದದ್ದು ಬೆಲೆ. ಒಂದು ಸ್ವರವನ್ನು ತುಸು ಎಳೆದರೆ ಅರ್ಥ ಬೇರೆ, ನಾಲಿಗೆಯನ್ನು ತುಸು ಹಿಂದಕ್ಕೆ ಮಡಚಿದರೆ ಅರ್ಥ ಬೇರೆ. ಅಕ್ಷರ ಕಲಿಯದ ಹಮಾಲನೂ ಈ ಮೂರನ್ನು ಜೀವಮಾನದಲ್ಲಿ ಒಮ್ಮೆಯೂ ಅದಲುಬದಲು ಮಾಡುವುದಿಲ್ಲ. ಇವುಗಳ ಪಟ್ಟಿ ಕೊಟ್ಟು ಯಾರೂ ಅವನಿಗೆ ಬಾಯಿಪಾಠ ಮಾಡಿಸಿಲ್ಲ.

ಕಳೆದ ವರ್ಷ ಶ್ರಾವಣದ ಒಂದು ಸಂಜೆ ನನ್ನ ಅಣ್ಣನ ಮಗಳು ಮನೆಗೆ ಬಂದಳು. ಬ್ಯಾಂಕ್ ಪರೀಕ್ಷೆಗೆ ಓದಲೆಂದು ಜೇವರ್ಗಿ ತಾಲ್ಲೂಕಿನ ನಮ್ಮೂರಿನಿಂದ ಬಂದು ಇಲ್ಲಿ ಕೋಣೆ ಹಿಡಿದಿದ್ದಾಳೆ. ಕೈಯಲ್ಲಿ ಝೆರಾಕ್ಸ್ ಮಾಡಿಸಿ ಹೊಲಿದ ಒಂದು ದಪ್ಪ ಪುಸ್ತಕವಿತ್ತು. ಪುಟದ ಎಡಕ್ಕೊಂದು, ಬಲಕ್ಕೊಂದು ಇಂಗ್ಲಿಷ್ ಶಬ್ದ, ನಡುವೆ ಒಂದು ಗೆರೆ. ಹೀಗೆ ಒಂದಕ್ಕೊಂದು ಗೊಂದಲವಾಗುವ ಶಬ್ದಗಳ ಐನೂರು ಜೋಡಿ. "ಕಾಕಾ, ಇದನ್ನು ಮೂರು ಸಲ ಓದಿ ಮುಗಿಸಿದ್ದೇನೆ. ಓದುವ ಮುಂಚೆ ಅಫೆಕ್ಟ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಈಗ ಅದೂ ಗೊತ್ತಾಗುತ್ತಿಲ್ಲ" ಎಂದಳು. ಕಣ್ಣಿನಲ್ಲಿ ನೀರಿತ್ತು.

ನಾನು 29 ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊದಲು ಆಳಂದ, ಆಮೇಲೆ ಚಿಂಚೋಳಿ, ಈಗ ಕಲಬುರಗಿ ತಾಲ್ಲೂಕು. ಅವಳು ಹೇಳಿದ್ದು ದಡ್ಡತನದ ಮಾತಲ್ಲ, ತನ್ನ ತಲೆಯಲ್ಲಿ ನಡೆದದ್ದನ್ನು ಸರಿಯಾಗಿ ಗಮನಿಸಿದವಳ ಮಾತು ಎಂದು ನನಗೆ ತಕ್ಷಣ ಅನ್ನಿಸಿತು. ಪರಿಣಾಮ ಎಂಬ ಅರ್ಥದ ಎಫೆಕ್ಟ್ ಶಬ್ದವನ್ನು ಪರಿಣಾಮ ಬೀರು ಎಂಬ ಅರ್ಥದ ಅಫೆಕ್ಟ್‌ನ ಪಕ್ಕದಲ್ಲಿ ತಂದು ನಿಲ್ಲಿಸಿ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಆ ಪುಸ್ತಕ. ಅಂದಿನಿಂದ ಒಂದನ್ನು ನೆನೆದರೆ ಇನ್ನೊಂದೂ ಎದ್ದು ಬರುತ್ತಿದೆ. ಬಹಳ ವರ್ಷ ನಾನೂ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಹಾಗೆಯೇ ಕಲಿಸಿದೆ. ಆ ಮಕ್ಕಳನ್ನು ನೆನೆದರೆ ಈಗಲೂ ನೋವಾಗುತ್ತದೆ.

ನಮ್ಮೂರಿನಲ್ಲಿ ಹೊಸ ಹೋರಿಯನ್ನು ಗಳೆಗೆ ಹೂಡುವಾಗ ಅದರ ಜೊತೆಗೆ ಪಳಗಿದ ಎತ್ತನ್ನು ಹೂಡುತ್ತಾರೆ. ಹಳೆಯ ಎತ್ತಿಗೆ ಸಾಲು ಗೊತ್ತು, ಅದು ನೇರ ನಡೆಯುತ್ತದೆ, ಹೋರಿ ಅದರ ಹೆಜ್ಜೆ ನೋಡಿ ಕಲಿಯುತ್ತದೆ. ಎರಡೂ ಹೊಸ ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟುವ ರೈತ ನಮ್ಮ ಸೀಮೆಯಲ್ಲಿಲ್ಲ. ಆದರೆ ಭಾಷೆ ಕಲಿಸುವಲ್ಲಿ ನಾವು ದಿನವೂ ಅದನ್ನೇ ಮಾಡುತ್ತೇವೆ. ಪರಿಚಯವೇ ಇಲ್ಲದ ಎರಡು ಶಬ್ದಗಳನ್ನು ಒಟ್ಟಿಗೆ ತಂದು, ಇವುಗಳ ವ್ಯತ್ಯಾಸ ಬರೆಯಿರಿ ಎನ್ನುತ್ತೇವೆ. ಮೊದಲು ಒಂದು ಶಬ್ದ ಪಳಗಬೇಕು. ಅದರೊಂದಿಗೆ ಹತ್ತು ಸಲ ಹೊಲಕ್ಕೆ ಹೋಗಿ ಬಂದಿರಬೇಕು. ಆಮೇಲೆ ಎರಡನೆಯದು ಬರಲಿ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದದ್ದು 1986ರಲ್ಲಿ. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಣ್ಣಿಗೆ ಬೀಳುತ್ತಿದ್ದದ್ದೇ ಐದನೆಯ ತರಗತಿಯಲ್ಲಿ. ಒಂದನೆಯ ತರಗತಿಯಿಂದ ಕಲಿಸುವ ಏರ್ಪಾಡು ಬಂದದ್ದು 2007ರಲ್ಲಿ. ಹಾಗಾಗಿ ಆರು ವರ್ಷದ ಇಂಗ್ಲಿಷ್ ಬಲವಿದ್ದ ನಾನು ನಮ್ಮ ಓಣಿಯ ದೊಡ್ಡ ಪಂಡಿತ. ಅಪ್ಪನಿಗೆ ಪಂಪ್‌ಸೆಟ್‌ಗಾಗಿ ಹತ್ತು ಸಾವಿರ ರೂಪಾಯಿ ಸಾಲ ಬೇಕಿತ್ತು. ಇಂಗ್ಲಿಷಿನಲ್ಲಿ ಅರ್ಜಿ ಬರೆದರೆ ಕೆಲಸ ಬೇಗ ಆಗುತ್ತದೆ ಎಂದು ಯಾರೋ ಹೇಳಿದ್ದರು. ಎರಡು ರಾತ್ರಿ ಕುಳಿತು ಬರೆದೆ. ಮರುದಿನ ಇಬ್ಬರೂ ಬಸ್ ಹಿಡಿದು ಒಂದು ಬ್ಯಾಂಕಿಗೆ ಹೋದೆವು. ಮೇಜಿನ ಆಚೆ ಕುಳಿತಿದ್ದವರು ಅರ್ಜಿಯ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು, ಪಕ್ಕದವರಿಗೂ ಓದಿ ಹೇಳಿದರು. ನಾಲ್ಕೈದು ಜನ ನಕ್ಕರು. ಸಾಲ ಪಡೆ ಎಂಬ ಅರ್ಥದ ಬಾರೋ ಎಂದು ಬರೆಯಬೇಕಾದಲ್ಲಿ ನಾನು ಸಾಲ ಕೊಡು ಎಂಬ ಅರ್ಥದ ಲೆಂಡ್ ಎಂದು ಬರೆದಿದ್ದೆ. ಬ್ಯಾಂಕಿಗೆ ನಾವೇ ಹತ್ತು ಸಾವಿರ ಸಾಲ ಕೊಡುತ್ತೇವೆ ಎನ್ನುವ ಅರ್ಥಕ್ಕೆ ಅದು ಹತ್ತಿರವಾಗಿತ್ತು. ಅಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತಿದ್ದ. ಅವನಿಗೆ ಮಾತು ತಿಳಿಯಲಿಲ್ಲ, ಮಗನನ್ನು ನೋಡಿ ನಗುತ್ತಿದ್ದಾರೆ ಎಂಬುದು ತಿಳಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಬೈಯಲಿಲ್ಲ. ಏನಾಯಿತು ಎಂದು ಕೇಳಿದ. ವಿವರಿಸಿದೆ. ಅವನು ನಿಜವಾದ ಕುತೂಹಲದಿಂದ, "ಕೊಡುವವನಿಗೆ ಒಂದು ಶಬ್ದ, ತೆಗೆದುಕೊಳ್ಳುವವನಿಗೆ ಇನ್ನೊಂದು ಶಬ್ದ ಇದೆಯೇನು ಅವರಲ್ಲಿ?" ಎಂದ. ಹೌದು ಎಂದೆ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ನಮ್ಮಲ್ಲಿ ಸಾಲ ಒಂದೇ. ಕೈ ಬೇರೆ" ಎಂದ.

ಅಪ್ಪ ಶಾಲೆಗೆ ಹೋದವನಲ್ಲ. ಆದರೆ ಈ ಜೋಡಿಯ ಬಗ್ಗೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಈವರೆಗೆ ಕೇಳಿಲ್ಲ. ಕನ್ನಡದಲ್ಲಿ ಸಾಲ, ಕಡ, ಉದ್ರಿ, ಎರವಲು ಯಾವುದೇ ಇರಲಿ, ವಸ್ತುವಿಗೆ ಒಂದೇ ಹೆಸರು. ಅದು ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ಕೊಡು, ತೆಗೆದುಕೊ ಎಂಬ ಕ್ರಿಯಾಪದಗಳು ಹೇಳುತ್ತವೆ. ಇಂಗ್ಲಿಷ್ ಆ ದಿಕ್ಕನ್ನು ಶಬ್ದದ ಹೊಟ್ಟೆಯೊಳಗೇ ಇಟ್ಟಿದೆ. ಹಾಗೆಂದು ಎಲ್ಲ ಕಡೆಯೂ ಇಟ್ಟಿಲ್ಲ. ಮನೆ ಬಾಡಿಗೆಗೆ ಕೊಡುವವನೂ ರೆಂಟ್ ಎನ್ನುತ್ತಾನೆ, ಹಿಡಿಯುವವನೂ ರೆಂಟ್ ಎನ್ನುತ್ತಾನೆ. ಅಲ್ಲಿ ಅವರೂ ನಮ್ಮ ಹಾಗೆಯೇ. ಹದಿನಾರು ವರ್ಷದ ಹುಡುಗನಿಗೆ ಇದನ್ನು ಒಬ್ಬರು ಮೊದಲೇ ಹೇಳಿದ್ದರೆ ಆ ದಿನ ಆ ನಗು ಇರುತ್ತಿರಲಿಲ್ಲ.

ನಮ್ಮ ಸೀಮೆಯವರಿಗೆ ಪರಭಾಷೆಯಲ್ಲಿ ಅರ್ಜಿ ಬರೆಯುವುದು ಹೊಸತಲ್ಲ. ನನ್ನ ಅಜ್ಜ ನಿಜಾಮರ ಕಾಲದವನು. ಆಗ ಕಚೇರಿಯ ಭಾಷೆ ಉರ್ದು. 1948ರ ಸೆಪ್ಟೆಂಬರ್ 17ರವರೆಗೂ ತಹಶೀಲ್ದಾರರ ಕಚೇರಿಯ ಮುಂದೆ ಕುಳಿತವನಿಗೆ ಎರಡಾಣೆ ಕೊಟ್ಟು ಬರೆಸಿಕೊಂಡ ಕಾಗದವನ್ನು, ಅದರಲ್ಲಿ ಏನಿದೆ ಎಂದು ತಿಳಿಯದೆಯೇ, ಅಜ್ಜ ಎರಡೂ ಕೈಯಿಂದ ಒಪ್ಪಿಸುತ್ತಿದ್ದನಂತೆ. ಆ ಭಾಷೆಯ ಶಬ್ದಗಳು ಈಗ ನಮ್ಮ ಮನೆಯ ಶಬ್ದಗಳು. ಅರ್ಜಿ, ಕಚೇರಿ, ಜಮೀನು, ಅಸಲು ಎನ್ನುವಾಗ ಯಾರಿಗೂ ತಡವರಿಕೆಯಿಲ್ಲ. ಅವು ಜೋಡಿ ಪಟ್ಟಿಯಲ್ಲಿ ಬರಲಿಲ್ಲ. ಒಂದೊಂದೂ ಒಂದೊಂದು ಕಷ್ಟದ ಜೊತೆಗೆ, ಒಂದೊಂದು ವ್ಯವಹಾರದ ಜೊತೆಗೆ ಬಂದು ಉಳಿದುಕೊಂಡವು.

ಈಗ ಕಿವಿಯ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶದ ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿ ಎಂಬ ಹೆಸರುಗಳು ತಳದಲ್ಲಿ ಕಾಣಿಸಿಕೊಂಡಾಗಲೆಲ್ಲ, ಈ ಭಾಗದ ಮಕ್ಕಳಿಗೆ ಇಂಗ್ಲಿಷ್ ಉಚ್ಚಾರವೇ ಹತ್ತುವುದಿಲ್ಲ ಎಂದು ಹೇಳುವವರನ್ನು ಕೇಳಿದ್ದೇನೆ. ಅದು ಸುಳ್ಳು. ನನ್ನ ತರಗತಿಯಲ್ಲಿರುವಷ್ಟು ಬಗೆಯ ಕಿವಿಗಳು ರಾಜ್ಯದ ಎಷ್ಟು ತರಗತಿಗಳಲ್ಲಿ ಇದ್ದಾವು?

ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಆರು ನೂರು ವರ್ಷಗಳಿಂದ ಈ ಊರು ಆ ಹೆಸರನ್ನು ದಿನವೂ ಉಚ್ಚರಿಸುತ್ತಿದೆ. ಆದರೆ ಎರಡು ಬಗೆಯಲ್ಲಿ ಉಚ್ಚರಿಸುತ್ತಿದೆ. ಕನ್ನಡ ಮನೆಮಾತಿನ ಮಗು ನವಾಜ್ ಎನ್ನುವಾಗ ಕೊನೆಗೆ ಬರುವುದು ಜಾತ್ರೆಯ ಜಕಾರ. ಉರ್ದು ಮನೆಮಾತಿನ ಮಗು ಹೇಳಿದಾಗ ಅಲ್ಲಿ ಜೇನ್ನೊಣ ಗುಂಯ್‌ಗುಟ್ಟಿದಂಥ ಒಂದು ಧ್ವನಿ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಬರೆಯಲೇಬೇಕಾದರೆ ಜಕಾರದ ಕೆಳಗೆ ಚುಕ್ಕಿಯಿಟ್ಟು ಜ಼ ಎಂದು ಬರೆಯಬೇಕು. ಈ ಒಂದು ಧ್ವನಿಯ ಮೇಲೆ ಇಂಗ್ಲಿಷಿನ ಎಷ್ಟೋ ಜೋಡಿಗಳು ನಿಂತಿವೆ. ಅಡ್ವೈಸ್ ಎಂದರೆ ಸಲಹೆ, ಅಡ್ವೈಜ಼್ ಎಂದರೆ ಸಲಹೆ ಕೊಡು. ಪ್ರೈಸ್ ಎಂದರೆ ಬೆಲೆ, ಪ್ರೈಜ಼್ ಎಂದರೆ ಬಹುಮಾನ. ರೈಸ್ ಎಂದರೆ ಅಕ್ಕಿ, ರೈಜ಼್ ಎಂದರೆ ಏಳು. ಲೂಸ್ ಎಂದರೆ ಸಡಿಲ, ಲೂಜ಼್ ಎಂದರೆ ಕಳೆದುಕೊ. ಕನ್ನಡದ ಕಿವಿಗೆ ಇವೆಲ್ಲ ಒಂದೇ. ಅದರಲ್ಲೂ ಕೊನೆಯದರಲ್ಲಿ ಇನ್ನೊಂದು ತೊಡಕಿದೆ. ಬೋಲ್ಟ್ ಲೂಸ್ ಆಗಿದೆ, ಅಂಗಿ ಲೂಸ್ ಆಗಿದೆ ಎಂದು ಆ ಶಬ್ದ ಮೊದಲೇ ನಮ್ಮ ಮನೆಯೊಳಗೆ ಬಂದು ಕುಳಿತಿದೆ. ಹಾಗಾಗಿ ಹಣ ಕಳೆದುಕೊಂಡೆ ಎಂದು ಬರೆಯುವ ಮಗುವಿನ ಕೈ ತಾನಾಗಿ ಎರಡು ಓ ಹಾಕಿ ಹಣವನ್ನು ಸಡಿಲ ಮಾಡಿಬಿಡುತ್ತದೆ.

ಅಣ್ಣನ ಮಗಳ ಕೋಣೆಯ ಗೆಳತಿ ಶಹಾಪುರದ ಹುಡುಗಿ, ಮನೆಮಾತು ಉರ್ದು. ಒಂದು ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದೆ. ಊಟವಾದ ಮೇಲೆ ಗೆಳತಿಗೆ ಈ ಶಬ್ದಗಳನ್ನು ಹಿಂದುಮುಂದಾಗಿ ಓದಲು ಹೇಳಿದೆ. ಕನ್ನಡದ ಹುಡುಗಿ ಕಣ್ಣು ಮುಚ್ಚಿಕೊಂಡು, ಗುಂಯ್ ಎಂದಾಗ ಕೈ ಎತ್ತಬೇಕು. ಮೊದಲ ಹತ್ತರಲ್ಲಿ ಆರು ತಪ್ಪಿದಳು. ಆಮೇಲೆ ಗೆಳತಿಯೇ ಒಂದು ಉಪಾಯ ಹೇಳಿದಳು: "ಗಂಟಲಿನ ಮೇಲೆ ಬೆರಳು ಇಟ್ಟುಕೊಂಡು ನೀನೇ ಹೇಳಿ ನೋಡು. ಪ್ರೈಸ್ ಎಂದಾಗ ಕೊನೆಯಲ್ಲಿ ಬೆರಳಿಗೆ ಏನೂ ತಾಗುವುದಿಲ್ಲ. ಪ್ರೈಜ಼್ ಎಂದಾಗ ನಡುಗುತ್ತದೆ." ಧ್ವನಿಶಾಸ್ತ್ರದ ಪುಸ್ತಕಗಳು ಘೋಷ, ಅಘೋಷ ಎಂದು ಹೇಳುವುದು ಇದನ್ನೇ. ಅರ್ಧ ಗಂಟೆಯಲ್ಲಿ ಅವಳ ಕಿವಿ ತೆರೆಯಿತು.

ಆಮೇಲೆ ಪಾಠ ತಿರುಗಿತು. ಗೆಳತಿಗೆ ಬೆಳೆ, ಬೇಳೆ, ಬೆಲೆ ಮೂರೂ ಒಂದೇ ಆಗಿ ಬೇಲೆ ಎಂದು ಬರುತ್ತಿದ್ದವು. ಉರ್ದುವಿನಲ್ಲಿ ಳಕಾರವಿಲ್ಲ, ನಮ್ಮಂತೆ ಎಕಾರ ಏಕಾರಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವ ಪದ್ಧತಿಯೂ ಇಲ್ಲ. ಕನ್ನಡದ ಹುಡುಗಿ ಅಡುಗೆಮನೆಯ ಡಬ್ಬಿಯಿಂದ ತೊಗರಿಬೇಳೆ ತಂದು ಮೇಜಿನ ಮೇಲೆ ಹಾಕಿ ಕಲಿಸಿದಳು. ಅದು ಬಂದ ಮೇಲೆ ಇಂಗ್ಲಿಷಿನ ಟೆಸ್ಟ್ ಮತ್ತು ಟೇಸ್ಟ್, ಪೆಪ್ಪರ್ ಮತ್ತು ಪೇಪರ್, ವೆಟ್ ಮತ್ತು ವೇಟ್ ಆ ಹುಡುಗಿಗೆ ತಾವಾಗಿಯೇ ಬೇರೆಯಾದವು. ಕನ್ನಡದವಳಿಗೆ ಅವು ಎಂದೂ ಗೊಂದಲವೇ ಆಗಿರಲಿಲ್ಲ. ಇದನ್ನು ನೋಡುತ್ತ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬಳ ಬಳಿ ಇನ್ನೊಬ್ಬಳ ಕೀಲಿಕೈ ಇರುತ್ತದೆ. ನಾವು ಶಿಕ್ಷಕರು ಇಬ್ಬರಿಗೂ ಸೇರಿಸಿ ಒಂದು ಝೆರಾಕ್ಸ್ ಕೊಟ್ಟು ಕಳಿಸುತ್ತೇವೆ.

ವಕಾರದಲ್ಲಿ ಮಾತ್ರ ಇಬ್ಬರೂ ಬಡವರು. ಇಂಗ್ಲಿಷಿನಲ್ಲಿ ವೆಸ್ಟ್ ಎಂಬ ಒಳ ಅಂಗಿಯೂ ವೆಸ್ಟ್ ಎಂಬ ದಿಕ್ಕೂ ಬೇರೆ. ಒಂದಕ್ಕೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಇನ್ನೊಂದಕ್ಕೆ ಸೀಟಿ ಹೊಡೆಯುವವರಂತೆ ತುಟಿ ದುಂಡಾಗಬೇಕು. ಅದಕ್ಕೆ ಕನ್ನಡಿ ಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಸಂಗತಿ. ನಮ್ಮ ಕಡೆ ಆಡುಮಾತಿನಲ್ಲಿ ಬೇಳೆಗೆ ಬ್ಯಾಳಿ ಎನ್ನುತ್ತೇವೆ, ಪೇಟೆಗೆ ಪ್ಯಾಟಿ ಎನ್ನುತ್ತೇವೆ. ಶಾಲೆಯಲ್ಲಿ ಅದಕ್ಕಾಗಿ ಬೈಸಿಕೊಂಡವರು ನನ್ನ ತಲೆಮಾರಿನಲ್ಲಿ ಲೆಕ್ಕವಿಲ್ಲ. ಆದರೆ ಬ್ಯಾಳಿ ಎನ್ನುವಾಗ ಬಾಯಿ ತೆರೆದುಕೊಳ್ಳುವ ಆ ಸ್ವರ ಇದೆಯಲ್ಲ, ಅದು ಇಂಗ್ಲಿಷಿನ ಬ್ಯಾಡ್, ಮ್ಯಾನ್, ಸ್ನ್ಯಾಕ್ ಶಬ್ದಗಳ ಸ್ವರಕ್ಕೆ ಬಹಳ ಹತ್ತಿರದ ನಂಟ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಸ್ವಂತ ಅಕ್ಷರವಿಲ್ಲದ ಕಾರಣ, ತಿಂಡಿ ಅಂಗಡಿಯ ಬೋರ್ಡಿನ ಮೇಲೆ ಸ್ನ್ಯಾಕ್ಸ್ ಹೋಗಿ ಸ್ನೇಕ್ಸ್ ಆಗಿ, ತಿಂಡಿಯ ಜಾಗದಲ್ಲಿ ಹಾವು ಬರುತ್ತದೆ. ನಾನು ಈಗ ತರಗತಿಯಲ್ಲಿ ಮೊದಲು ಬ್ಯಾಳಿ ಎನ್ನಿಸುತ್ತೇನೆ. ಮನೆಯಲ್ಲಿ ಅಮ್ಮ ಹೇಳುವ ಹಾಗೆಯೇ ಹೇಳಿ ಎನ್ನುತ್ತೇನೆ. ಅದೇ ಬಾಯಿಯಲ್ಲಿ ಬ್ಯಾಡ್ ಎನ್ನಿಸುತ್ತೇನೆ. ಬೆಡ್ ಎಂಬ ಹಾಸಿಗೆ ಅದರ ಹತ್ತಿರ ಸುಳಿಯುವುದಿಲ್ಲ.

ಕಿವಿಗೆ ಒಂದೇ ಆಗಿ ಕಣ್ಣಿಗೆ ಮಾತ್ರ ಬೇರೆಯಾಗಿರುವ ಶಬ್ದಗಳದ್ದು ಬೇರೆ ಕಥೆ. ಕಾಲೇಜಿನ ಮುಖ್ಯಸ್ಥರು ಪ್ರಿನ್ಸಿಪಲ್, ತತ್ತ್ವವೂ ಪ್ರಿನ್ಸಿಪಲ್. ನಾನು ಈ ಬರಹವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿರುವುದರಿಂದ ನಿಮಗೆ ವ್ಯತ್ಯಾಸವನ್ನು ತೋರಿಸಲೂ ಸಾಧ್ಯವಿಲ್ಲ. ತೊಡಕಿನ ಬೇರೂ ಅಲ್ಲಿಯೇ ಇದೆ. ನಾವು ನುಡಿದಂತೆ ಬರೆಯುವವರು, ಬರೆದಂತೆ ಓದುವವರು. ನುಡಿ ಒಂದೇ ಆದರೆ ಬರಹವೂ ಒಂದೇ ಎಂದು ನಮ್ಮ ಕಣ್ಣು ನಂಬಿಕೊಂಡಿದೆ.

ಹಳಗನ್ನಡದಲ್ಲಿ ಹಾಲು ಕಱೆಯುವುದಕ್ಕೆ ಶಕಟರೇಫೆ ಎಂಬ ಱ ಅಕ್ಷರವಿತ್ತು, ಹೆಸರು ಹಿಡಿದು ಕರೆಯುವುದಕ್ಕೆ ಈಗಿನ ರಕಾರವಿತ್ತು. ಬದುಕು ಬಾೞ್ ಆಗಿತ್ತು, ಕತ್ತಿ ಬಾಳ್ ಆಗಿತ್ತು. ನಾಲಿಗೆಯಲ್ಲಿ ಆ ಧ್ವನಿಗಳು ಅಳಿದ ಮೇಲೆ ನಾವು ಅಕ್ಷರಗಳನ್ನೂ ಬಿಟ್ಟುಕೊಟ್ಟೆವು. ಈಗ ಹಾಲನ್ನೂ ಕರೆಯುತ್ತೇವೆ, ಮಗುವನ್ನೂ ಕರೆಯುತ್ತೇವೆ. ಇಂಗ್ಲಿಷ್ ಇದಕ್ಕೆ ತದ್ವಿರುದ್ಧ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಇತ್ತು. ಕುದುರೆ ಸವಾರನಾದ ನೈಟ್ ಶಬ್ದದ ಮೊದಲಿಗೆ ಬರುವ ಕೆ ಅಕ್ಷರವನ್ನು ಒಂದು ಕಾಲದಲ್ಲಿ ಜನ ನಿಜವಾಗಿಯೂ ಉಚ್ಚರಿಸುತ್ತಿದ್ದರು. ಧ್ವನಿ ಸತ್ತರೂ ಅಕ್ಷರ ಉಳಿಯಿತು. ಹಾಗಾಗಿ ಅದು ಇಂದಿಗೂ ರಾತ್ರಿ ಎಂಬ ನೈಟ್‌ನಿಂದ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಸತ್ತ ಅಕ್ಷರ ಎಂದು ಮಕ್ಕಳು ಬೇಸರಪಟ್ಟುಕೊಂಡಾಗ ನಾನು ಶಕಟರೇಫೆಯ ಕಥೆ ಹೇಳುತ್ತೇನೆ. ಬೇಸರ ಹೋಗಿ ಕುತೂಹಲ ಬರುತ್ತದೆ.

ಪ್ರಿನ್ಸಿಪಲ್ ಜೋಡಿಗೆ ನಮ್ಮ ಅಸಲು ಸಾಕು. ಸಾಲದ ಅಸಲನ್ನೂ ಕಾಲೇಜಿನ ಮುಖ್ಯಸ್ಥರನ್ನೂ ಹೇಳುವುದು ಒಂದೇ ಶಬ್ದ, ಪಿ ಎ ಎಲ್ ಎಂದು ಮುಗಿಯುವುದು. ಎರಡೂ ಕಡೆ ಅದರ ಅರ್ಥ ಮುಖ್ಯವಾದದ್ದು, ಮೊದಲಿನದು. ಪಿ ಎಲ್ ಇ ಎಂದು ಮುಗಿಯುವುದು ತತ್ತ್ವ. ಸಾಲದ ಮನೆಯಲ್ಲಿ ಬೆಳೆದ ಮಕ್ಕಳು ಅಸಲನ್ನು ಮರೆಯುವುದಿಲ್ಲ. ಸ್ಟೇಷನರಿಯದ್ದು ಇನ್ನೂ ಸ್ವಾರಸ್ಯ. ಎ ಆರ್ ವೈ ಎಂದರೆ ನಿಂತಲ್ಲೇ ನಿಂತದ್ದು, ಇ ಆರ್ ವೈ ಎಂದರೆ ಕಾಗದ ಪೆನ್ನಿನ ಸಾಮಾನು. ಮಧ್ಯಯುಗದ ಯುರೋಪಿನಲ್ಲಿ ಬಹಳ ವ್ಯಾಪಾರಿಗಳು ಊರೂರು ತಿರುಗುವವರು. ಪುಸ್ತಕ ಮಾರುವವನು ಮಾತ್ರ ಒಂದೇ ಕಡೆ ಅಂಗಡಿ ಹೂಡಿ ನಿಲ್ಲುತ್ತಿದ್ದ, ಆದ್ದರಿಂದ ಅವನು ಸ್ಟೇಷನರ್, ಅವನ ಸಾಮಾನು ಸ್ಟೇಷನರಿ. ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು ಎಂದು ಸಂತೆ ತಿರುಗುವ ವ್ಯಾಪಾರಿಯನ್ನೂ ಸೂಪರ್ ಮಾರ್ಕೆಟಿನಲ್ಲಿ ಅಂಗಡಿ ಇಟ್ಟವನನ್ನೂ ನೋಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅರ್ಥದಿಂದ ಹುಟ್ಟುವ ಗೊಂದಲಕ್ಕೆ ಔಷಧ ಬಹುಪಾಲು ಕನ್ನಡದಲ್ಲಿಯೇ ಇದೆ, ಹುಡುಕಿಕೊಳ್ಳಬೇಕು ಅಷ್ಟೆ. ಲೈ ಮತ್ತು ಲೇ ಜೋಡಿಗೆ ಇಂಗ್ಲಿಷ್ ಮಾತನಾಡುವವರೇ ತಡವರಿಸುತ್ತಾರೆ. ನಮಗೆ ಒಂದು ಇಸು ಪ್ರತ್ಯಯ ಸಾಕು. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ರೈಜ಼್ ಎಂದರೆ ಏಳು, ರೇಜ಼್ ಎಂದರೆ ಎಬ್ಬಿಸು. ಫಾಲ್ ಎಂದರೆ ಬೀಳು, ಮರಕ್ಕೆ ಫೆಲ್ ಎಂದರೆ ಬೀಳಿಸು. ಇದು ನಾನು ಕಟ್ಟಿದ ಸುಲಭೋಪಾಯವಲ್ಲ. ಇಂಗ್ಲಿಷಿನ ಪೂರ್ವಜ ಭಾಷೆಗಳಲ್ಲಿ ನಮ್ಮ ಇಸು ಪ್ರತ್ಯಯದಂಥದ್ದೇ ಒಂದು ಪ್ರತ್ಯಯವಿತ್ತು. ಅದು ಸವೆದುಹೋಗಿ ಒಳಗಿನ ಸ್ವರದ ವ್ಯತ್ಯಾಸ ಮಾತ್ರ ಉಳಿದಿದೆ. ನಮ್ಮಲ್ಲಿ ಅದು ಇನ್ನೂ ಜೀವಂತ. ಲೈ ಶಬ್ದದ ಭೂತಕಾಲದ ರೂಪವೂ ಲೇ ಆಗಿರುವುದು ನಿಜವಾದ ಕಂಟಕ. ಅದನ್ನು ಮೊದಲ ದಿನವೇ ಹೇಳಬಾರದು, ಮಲಗು ಮಲಗಿಸು ಗಟ್ಟಿಯಾದ ಮೇಲೆ ಹೇಳಬೇಕು.

ಕೇಳು ಎಂಬ ನಮ್ಮ ಒಂದು ಶಬ್ದಕ್ಕೆ ಇಂಗ್ಲಿಷಿನಲ್ಲಿ ಹಿಯರ್, ಲಿಸನ್, ಆಸ್ಕ್ ಎಂದು ಮೂರು ಶಬ್ದಗಳಿವೆ, ಆದ್ದರಿಂದ ನಮ್ಮ ಮಕ್ಕಳು ಎಡವುತ್ತಾರೆ ಎಂದು ನಾನೂ ನಂಬಿದ್ದೆ. ಪೂರ್ತಿ ನಿಜವಲ್ಲ. ರಾತ್ರಿ ಗುಡುಗು ಕೇಳಿಸಿತು ಎನ್ನುತ್ತೇವೆ, ಕೇಳಿದೆವು ಎನ್ನುವುದಿಲ್ಲ. ಅದು ಹಿಯರ್. ಶರಣಬಸವೇಶ್ವರ ಜಾತ್ರೆಯಲ್ಲಿ ಕುಳಿತು ಪ್ರವಚನ ಕೇಳಿದೆವು ಎನ್ನುತ್ತೇವೆ. ಅದು ಲಿಸನ್. ಹಾಗೆಯೇ ಕಾಣಿಸಿತು ಎನ್ನುವಲ್ಲಿ ಸೀ, ನೋಡಿದೆ ಎನ್ನುವಲ್ಲಿ ಲುಕ್. ತಾನಾಗಿ ಬಂದದ್ದು, ನಾವಾಗಿ ಮಾಡಿದ್ದು ಎಂಬ ಭೇದ ನಮ್ಮ ಭಾಷೆಯ ಒಳಗೆ ಇದ್ದೇ ಇದೆ. ಫ್ಯೂ ಮತ್ತು ಎ ಫ್ಯೂ ವ್ಯತ್ಯಾಸಕ್ಕೆ ಒಂದು ಏಕಾರ ಸಾಕು: ಕೆಲವರು ಬಂದಿದ್ದಾರೆ, ಕೆಲವರೇ ಬಂದಿದ್ದಾರೆ. ಎರಡನೆಯ ವಾಕ್ಯದಲ್ಲಿ ಇನ್ನಷ್ಟು ಜನ ಬರಬೇಕಿತ್ತು ಎಂಬ ಕೊರಗಿದೆ. ಆ ಕೊರಗಿರುವುದು ಬರಿಯ ಫ್ಯೂ.

ಕೆಲವು ತಪ್ಪುಗಳನ್ನು ಕಂಡರೆ ನನಗೆ ತಿದ್ದಲು ಮನಸ್ಸೇ ಬರುವುದಿಲ್ಲ. ಚಿಂಚೋಳಿಯಲ್ಲಿದ್ದಾಗ ಒಬ್ಬ ಹುಡುಗ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರನ್ನೂ ಕಲಸಿ ಬರೆಯುತ್ತಿದ್ದ. ಅಜ್ಜಿಯನ್ನು ಹಾಸ್ಟೆಲಿಗೆ ಸೇರಿಸಿದೆವು ಎಂದು ಬರೆದಿದ್ದ. ಮೂರೂ ಲ್ಯಾಟಿನ್ನಿನ ಒಂದೇ ಮೂಲದಿಂದ ಬಂದವು, ಬಂದವರನ್ನು ಉಳಿಸಿಕೊಂಡು ಉಪಚರಿಸುವ ಮನೆ ಎಂಬ ಅರ್ಥದಿಂದ. ದವಾಖಾನೆ ಬೇರೆ, ಖಾನಾವಳಿ ಬೇರೆ ಎಂದು ಆಮೇಲೆ ಆದದ್ದು. ಆ ಹುಡುಗನ ಕೈ ತನಗೆ ತಿಳಿಯದೆಯೇ ಎಂಟು ಹತ್ತು ಶತಮಾನ ಹಿಂದೆ ಹೋಗಿ ಬಂದಿತ್ತು. ಹೂವು ಎಂಬ ಫ್ಲವರ್ ಮತ್ತು ಹಿಟ್ಟು ಎಂಬ ಫ್ಲೌರ್ ಕೂಡ ಮೊದಲು ಒಂದೇ ಶಬ್ದ. ಬೀಸಿದ ಧಾನ್ಯದಲ್ಲಿ ಅತ್ಯಂತ ನಯವಾದ ಭಾಗವೇ ಅದರ ಹೂವು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನರ ಶಬ್ದಕೋಶದಲ್ಲಿಯೂ ಇವೆರಡು ಬೇರೆಯಾಗಿರಲಿಲ್ಲ. ಅವ್ವ ಸಾಣಿಗೆ ಹಿಡಿದು ಜೋಳದ ಹಿಟ್ಟು ಜರಡಿಯಾಡುವಾಗ ಪರಾತದಲ್ಲಿ ಬೀಳುತ್ತಿದ್ದ ಆ ಬಿಳಿಯ ಗುಡ್ಡವನ್ನು ನೆನೆಸಿಕೊಂಡರೆ, ಅದನ್ನು ಹೂವೆಂದು ಕರೆದವರು ಯಾರೋ ರೊಟ್ಟಿ ತಟ್ಟುವವರೇ ಇರಬೇಕು ಎನ್ನಿಸುತ್ತದೆ.

ಎಲ್ಲ ಜೋಡಿಗಳಿಗೂ ಇಷ್ಟು ಬೆಲೆ ಕೊಡಬೇಕಿಲ್ಲ. ಪ್ರ್ಯಾಕ್ಟಿಸ್ ಎಂಬುದನ್ನು ಬ್ರಿಟನ್ನಿನವರು ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್ ಹಾಕಿ ಬರೆಯುತ್ತಾರೆ, ಅಮೆರಿಕದವರು ಎರಡಕ್ಕೂ ಸಿ ಹಾಕಿ ಸುಮ್ಮನಾಗುತ್ತಾರೆ. ಕೋಟ್ಯಂತರ ಜನ ಸುಖವಾಗಿ ಬಿಟ್ಟುಬಿಟ್ಟ ಭೇದಕ್ಕಾಗಿ ಮಗುವಿನ ಅಂಕ ಕತ್ತರಿಸಲು ನನಗೆ ಕೈ ಬರುವುದಿಲ್ಲ. ಬಾರೋ ಮತ್ತು ಲೆಂಡ್ ಹಾಗಲ್ಲ. ಅಲ್ಲಿ ಯಾರು ಯಾರಿಗೆ ಕೊಡಬೇಕು ಎಂಬುದೇ ತಿರುಗಿಬೀಳುತ್ತದೆ. ಡಿಸ್‌ಇಂಟರೆಸ್ಟೆಡ್ ಮತ್ತು ಅನ್‌ಇಂಟರೆಸ್ಟೆಡ್ ಕೂಡ ಹಾಗಲ್ಲ. ಮೊದಲನೆಯದರ ಅರ್ಥ ವ್ಯಾಜ್ಯದಲ್ಲಿ ತನ್ನ ಪಾಲಿಲ್ಲದವನು, ಎರಡನೆಯದರ ಅರ್ಥ ಆಸಕ್ತಿಯೇ ಇಲ್ಲದವನು. ಹೊಲದ ಬದುವಿನ ಜಗಳ ಬಗೆಹರಿಸಲು ಕುಳಿತ ಪಂಚರು ಮೊದಲನೆಯವರಾಗಿರಬೇಕು. ಎರಡನೆಯವರಾದರೆ ರೈತ ಕೆಟ್ಟ.

ಅಣ್ಣನ ಮಗಳಿಗೆ ಆ ಶ್ರಾವಣದಲ್ಲಿ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಡಿಸಿದೆ. ಹಾಳೆ ತೆರೆದರೆ ಎಡಪುಟದಲ್ಲಿ ಒಂದೇ ಶಬ್ದ, ಅದರ ಕೆಳಗೆ ಅವಳ ಬದುಕಿನಿಂದಲೇ ಬಂದ ವಾಕ್ಯಗಳು. ಬಲಪುಟ ಖಾಲಿ. ಎಡಪುಟದ ಶಬ್ದ ಯೋಚನೆಯಿಲ್ಲದೆ ಬಾಯಿಗೆ ಬರುವವರೆಗೆ ಬಲಪುಟಕ್ಕೆ ಕೈ ಹಚ್ಚಬಾರದು ಎಂದು ಹೇಳಿದೆ. ಝೆರಾಕ್ಸ್ ಪುಸ್ತಕ ನನ್ನ ಕಪಾಟಿನಲ್ಲಿದೆ.

ಸಂಕ್ರಾಂತಿಯ ಮರುದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಕಟ್ಟಿಕೊಂಡು ಊರಿನಿಂದ ಬಂದಿದ್ದಳು. ನೋಟ್‌ಬುಕ್ ತೋರಿಸು ಎಂದೆ. ಬಾರೋ ಎಂಬ ಶಬ್ದದ ಕೆಳಗೆ ಒಂಬತ್ತು ವಾಕ್ಯಗಳಿದ್ದವು. ಮೊದಲನೆಯದು ನನ್ನಿಂದ ಬಸ್ಸಿಗೆಂದು ಪಡೆದ ಇನ್ನೂರು ರೂಪಾಯಿಯದ್ದು, ಕೊನೆಯದು ಅವಳ ಅಪ್ಪ ಬೀಜಕ್ಕೆ ಮಾಡಿದ ಸಾಲದ್ದು. ಎದುರಿನ ಪುಟದಲ್ಲಿ ಡಿಸೆಂಬರಿನ ಒಂದು ತಾರೀಖು ಹಾಕಿ ಲೆಂಡ್ ಎಂದು ಬರೆದಿದ್ದಳು. ಕೆಳಗೆ ಒಂದೇ ವಾಕ್ಯ: ಗೆಳತಿಯ ಪರೀಕ್ಷಾ ಶುಲ್ಕಕ್ಕೆ ತಾನು ಹಣ ಕೊಟ್ಟದ್ದು. ಅಪ್ಪ ಬದುಕಿದ್ದರೆ ಅವನಿಗೆ ಓದಿ ಹೇಳಬೇಕು ಎನ್ನಿಸಿತು.

ಮುಂದಿನ ಹಾಳೆ ತಿರುವಿದೆ. ಎಡಪುಟದಲ್ಲಿ ಅಫೆಕ್ಟ್. ನೆಟೆ ರೋಗ ನಮ್ಮ ತೊಗರಿಯನ್ನು ಹೇಗೆ ಹಿಡಿಯಿತು, ಮಳೆ ಹೇಗೆ ತಾಗಿತು, ಗಂಜಿನ ಧಾರಣೆ ಇಳಿದದ್ದು ಮನೆಯನ್ನು ಹೇಗೆ ತಟ್ಟಿತು ಎಂದು ನಾಲ್ಕು ವಾಕ್ಯಗಳು. ನಾಲ್ಕೂ ಸರಿಯಾಗಿದ್ದವು. ಬಲಪುಟ ಖಾಲಿಯಿತ್ತು. "ಇನ್ನೂ ಬಂದಿಲ್ಲ ಕಾಕಾ" ಎಂದಳು. ನಾನು ಹಾಳೆ ಮುಚ್ಚಿ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ.